ಮೀನು ತಿನ್ನದವನ ಹಗುರ ಕೋಲು

ನಮ್ಮ ಕಾಕಾ ಹುಟ್ಟಿದಾಗಿನಿಂದ ಒಂದು ಮೀನನ್ನೂ ತಿಂದವನಲ್ಲ. ಆದರೆ ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಮೀನುಗಳಲ್ಲಿ ಅರ್ಧಕ್ಕರ್ಧ ಅವನಿಗೆ ಮುಖಪರಿಚಯ! ಕೆಲವನ್ನಂತೂ ಎರಡೆರಡು ಸಲ ಹಿಡಿದು ಬಿಟ್ಟಿದ್ದಾನೆ. "ಇಕಿ ಹ್ವಾದ ಐತವಾರನೂ ಬಂದಿದ್ಲು ನೋಡು, ತುಟಿ ಮ್ಯಾಲ ಗುರ್ತು ಐತಿ" ಎಂದು ಬೀಗರ ಮನೆಯ ಹೆಣ್ಣುಮಗಳನ್ನು ಪರಿಚಯಿಸುವಂತೆ ಹೇಳುತ್ತಾನೆ. ನೀವು ನಂಬಿ, ಬಿಡಿ. ನಾನು ನಂಬುತ್ತೇನೆ. ಹೊಟ್ಟೆಕಿಚ್ಚು ಪಡಬೇಕಾದರೆ ಮೊದಲು ನಂಬಲೇಬೇಕಲ್ಲ!

ಹೌದು, ಹೊಟ್ಟೆಕಿಚ್ಚು. ಮುಚ್ಚಿಡುವುದೇಕೆ? ಕಾಕಾ ನನ್ನ ತಂದೆಯ ಕೊನೆಯ ತಮ್ಮ, ನನಗಿಂತ ಬರೀ ಆರು ವರ್ಷ ದೊಡ್ಡವನು. ಈ ಆರು ವರ್ಷದ ಅಂತರ ಬಹಳ ಕೆಟ್ಟದ್ದು. ಸೋತರೆ "ದೊಡ್ಡವನ ಮುಂದೆ ಸೋತೆ ಬಿಡು" ಎಂದು ಸಮಾಧಾನ ಮಾಡಿಕೊಳ್ಳುವಷ್ಟು ದೊಡ್ಡವನೂ ಅಲ್ಲ ಅವನು. ಒಂದೇ ಬಾವಿಯಲ್ಲಿ ಇಬ್ಬರೂ ಈಜಲು ಇಳಿದೆವು. ಅವನು ಮೂರನೆಯ ದಿನಕ್ಕೆ ತಳ ಮುಟ್ಟಿ ಬಂದ, ನನ್ನ ಸೊಂಟದಿಂದ ಇನ್ನೂ ಹಗ್ಗ ಬಿಚ್ಚಿಲ್ಲ. ಅವನು ಮೆಟ್ರಿಕ್ಕಿನಲ್ಲಿ ಎರಡು ಸಲ ನಪಾಸಾಗಿ ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿಯ ದಲಾಲಿಗೆ ಕೂತ. ಚಿಟಿಕೆ ಹತ್ತಿ ಬೆರಳಲ್ಲಿ ಹಿಂಜಿ ಅದರ ಜಾತಕ ಹೇಳುವ ಮನುಷ್ಯ ಎಂದು ಹೆಸರಾದ. ನಾನು ಎಂ.ಕಾಂ. ಮಾಡಿ ಸರ್ಕಾರಿ ಕಚೇರಿಯಲ್ಲಿ ಕಾಗದಗಳಿಗೆ ಶಿಕ್ಕೆ ಒತ್ತುತ್ತೇನೆ. ಮದುವೆ ಊಟದಲ್ಲಿ ತುಪ್ಪದ ಮಿಳ್ಳಿ ಹಿಡಿದವನು ನನ್ನ ಎಲೆಯನ್ನು ಹಾರಿಸಿ ಓಡಿಹೋಗಿ ಅವನ ಹೋಳಿಗೆಯ ಮೇಲೆ ಸುರಿಯುತ್ತಾನೆ. ಯಾಕೆ? ಯಾರಿಗೂ ಗೊತ್ತಿಲ್ಲ! ನನ್ನ ಸ್ವಂತ ಹೆಂಡತಿಯೇ, "ಮಾವಾರಂಗ ನಕ್ಕೋತ ಇರಾಕ ನಿಮಗೇನಾಗೇತ್ರಿ?" ಎನ್ನುತ್ತಾಳೆ. ಇಂಥ ಸ್ಥಿತಿಯಲ್ಲಿ ನನಗಿದ್ದದ್ದು ಒಂದೇ ಆಸೆ. ಸಾಯುವುದರೊಳಗೆ ಒಂದೇ ಒಂದು ಕೆಲಸವನ್ನು ಕಾಕಾನಿಗಿಂತ ಚೆನ್ನಾಗಿ ಮಾಡಬೇಕು.

ಹೋದ ವರ್ಷ ಅವನು ಮೊಬೈಲಿನಲ್ಲಿ ಯಾರೋ ಸಣ್ಣ ಪ್ಲಾಸ್ಟಿಕ್ ಮೀನೊಂದನ್ನು ದಾರಕ್ಕೆ ಕಟ್ಟಿ ನೀರಿಗೆಸೆದು, ಅದನ್ನು ಕಚ್ಚಿದ ನಿಜವಾದ ಮೀನನ್ನು ಹಿಡಿದು, ಮುದ್ದುಮಾಡಿ, ಮತ್ತೆ ನೀರಿಗೆ ಬಿಡುವುದನ್ನು ಕಂಡ. ಕಣ್ಣರಳಿಸಿ ನನಗೆ ಫೋನು ಮಾಡಿದ.

"ತಮ್ಮಾ, ಹಿಡಿಯೂದು, ಬಿಡೂದು! ಎರೆಹುಳ ಬ್ಯಾಡ, ಕೊಲ್ಲೂದು ಬ್ಯಾಡ. ಇದನ್ನ ನಮ್ಮಂಥವ್ರ ಸಲುವಾಗೇ ಮಾಡ್ಯಾರ ನೋಡು!"

ನಮ್ಮದು ಲಿಂಗಾಯತರ ಮನೆ. ತತ್ತಿ ಎಂಬ ಶಬ್ದವನ್ನೇ ಅಡಿಗೆಮನೆಯ ಹೊರಗೆ ನಿಂತು ಆಡಬೇಕು. ಬೆಂಗೇರಿಯ ಅವನ ಮನೆಯಲ್ಲಿ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಕಾನೂನು ಹೊರಡಿಸಿದಳು. ಕೋಲು ಹೊಸ್ತಿಲು ದಾಟಿ ಒಳಗೆ ಬರಕೂಡದು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬಳಿ ತೂಗುಹಾಕಬೇಕು. ಬಂದ ಕೂಡಲೇ ಅಲ್ಲೇ ನಾಲ್ಕು ಕೊಡ ನೀರು ಸುರಿದುಕೊಳ್ಳಬೇಕು. ವಿಭೂತಿ ಹಚ್ಚಿಕೊಳ್ಳುವತನಕ ರೊಟ್ಟಿ ಬುಟ್ಟಿ ಮುಟ್ಟಕೂಡದು. ಕಾಕಾ ಎಲ್ಲದಕ್ಕೂ ಹೂಂ ಅಂದ. ತಾನೇ ಒಂದು ಕಾನೂನು ಸೇರಿಸಿಕೊಂಡ: ಕೆರೆಯ ದಂಡೆಗೆ ಬಂದೊಡನೆ ಕೊರಳಲ್ಲಿನ ಲಿಂಗದ ಕರಡಿಗೆಯನ್ನು ಬೆನ್ನ ಕಡೆಗೆ ಸರಿಸಿಕೊಳ್ಳುತ್ತಾನೆ! ಯಾಕೋ ಅಂದರೆ, "ಅಂವ ನೋಡಿದ್ರ ನಾಚಿಕಿ ಬರತೈತೋ" ಎನ್ನುತ್ತಾನೆ.

ಇನ್ನು ಕೋಲು ಕೊಳ್ಳುವ ಪುರಾಣ. ಹುಬ್ಬಳ್ಳಿಯ ಹಳೇ ಪೇಟೆಯ ಸಂದಿಯೊಂದರಲ್ಲಿ ಬಲೆ, ಹಗ್ಗ, ಗಾಳ ಮಾರುವ ಮುದುಕನೊಬ್ಬನಿದ್ದಾನೆ. ಎಲ್ಲರೂ ಚಾಚಾ ಎನ್ನುತ್ತಾರೆ. ಕಾಕಾ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದ.

"ಚಾಚಾ, ಸಣ್ಣ ನಕಲಿ ಮೀನು ಒಗಿಯಾಕ ಹಗೂರಂದೊಂದು ಕೋಲು ತೋರಸ್ರಿ. ರೊಕ್ಕಾ ಭಾಳ ಹಾಕೂದಿಲ್ಲ ಮತ್ತ."

ಚಾಚಾ ಒಂದನ್ನು ಎತ್ತಿಕೊಟ್ಟ. "ಇದು ನೋಡ್ರಿ ಸಾಹುಕಾರ್ರ, ಹಿಡಿಕಿ ಮ್ಯಾಲ ಬರದೈತಿ. ಎರಡು ಗ್ರಾಮಿಂದ ಎಂಟು ಗ್ರಾಮಿನ ತನಕ ಒಗೀತೈತಿ."

"ಚೀಲದ ಮ್ಯಾಲ ಬರದದ್ದು ಓದಿ ನಾ ಎಂದೂ ಮಾಲು ತಗೊಂಡಿಲ್ರಿ" ಎಂದು ಕಾಕಾ ಕಿಸೆಯಿಂದ ಮೂರು ಪುಟ್ಟ ಪೊಟ್ಟಣ ತೆಗೆದ. ತೊಗರಿಬೇಳೆ! ಮೂರು ಗ್ರಾಂ, ಐದು ಗ್ರಾಂ, ಎಂಟು ಗ್ರಾಂ. ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದಿದ್ದ. ಒಂದೊಂದನ್ನೇ ಕೋಲಿನ ತುದಿಗೆ ಕಟ್ಟಿಸಿ, ತುದಿ ಎಷ್ಟು ಬಾಗುತ್ತದೆ ನೋಡಿದ. "ಐದು ಗ್ರಾಮಿಗೆ ಬಾಗಲಿಲ್ಲ ಅಂದ್ರ ಅದು ಐದು ಗ್ರಾಮ್ ಒಗಿಯೂದಿಲ್ಲ. ಬಾಗಿದ್ದು ತಿರುಗಿ ಸಿಡದ್ರನ ಮೀನು ಹಾರೂದು" ಎಂದ. ಚಾಚಾ ಬಾಯಿ ತೆರೆದದ್ದು ಮುಚ್ಚಲಿಲ್ಲ. ಇದನ್ನು ಇವನಿಗೆ ಕಲಿಸಿದವರು ಯಾರು? ಯಾರೂ ಇಲ್ಲ!

ಅಷ್ಟಕ್ಕೇ ಮುಗಿಯಿತೇ? ಇನ್ನೊಂದು ಕಿಸೆಯಿಂದ ಹತ್ತಿ ಹೊರಬಂತು. ನನ್ನ ಕೈಯಲ್ಲಿ ಕೋಲು ಕೊಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿ, ಕೋಲಿನುದ್ದಕ್ಕೂ ಇರುವ ದಾರ ಹಾಯುವ ಉಂಗುರಗಳೊಳಗೆ ಎಡಗೈಯಿಂದ ಹತ್ತಿಯ ಎಳೆ ತೂರಿಸಿ ಎಳೆದ. ನಾಲ್ಕನೆಯ ಉಂಗುರದಲ್ಲಿ ಒಂದು ನೂಲು ಸಿಕ್ಕಿಕೊಂಡಿತು. "ಇಲ್ಲೆ ಕೂದಲದಷ್ಟು ಬಿರಕು ಐತ್ರಿ. ನಾಳಿ ದಾರಾ ಕೊಯ್ತೈತಿ." ಚಾಚಾ ಭೂತಗನ್ನಡಿ ಹಿಡಿದು ನೋಡಿದರೆ, ಖರೇ! ಅಂದಿನಿಂದ ಚಾಚಾನ ಗಲ್ಲೆಯ ಪಕ್ಕದಲ್ಲೂ ಒಂದು ಹಿಡಿ ಹತ್ತಿ ಇದೆ. ನಾನು ಎಷ್ಟೋ ವರ್ಷ ಕಚೇರಿಗೆ ಹೋದರೂ ಅಲ್ಲಿ ನನ್ನನ್ನು ನೋಡಿ ಯಾರೂ ಏನನ್ನೂ ಇಟ್ಟುಕೊಂಡಿಲ್ಲ.

ಬೇಳೆಯಲ್ಲಿ ಪಾಸಾದದ್ದು ಹತ್ತಿಯಲ್ಲಿ ನಪಾಸು, ಹತ್ತಿಯಲ್ಲಿ ಪಾಸಾದದ್ದು ತೂಕದಲ್ಲಿ ನಪಾಸು. ಕಾಕಾ ಕಣ್ಣುಮುಚ್ಚಿ ಕೋಲು ಹಿಡಿದು ಧ್ಯಾನಕ್ಕೆ ನಿಲ್ಲುತ್ತಿದ್ದ. ಹತ್ತು ನಿಮಿಷದ ಮೇಲೆ, "ಭಾರ ಆತ್ರಿ" ಎಂದು ಕೆಳಗಿಡುತ್ತಿದ್ದ. ಹೀಗೆ ಏಳು ರವಿವಾರ! ಆರನೆಯದಕ್ಕೆ ನನ್ನ ತಾಳ್ಮೆ ಹೋಯಿತು.

"ಕಾಕಾ, ಹೆಣ್ಣು ನೋಡಾಕನೂ ನೀ ಇಷ್ಟು ಸಲ ಹೋಗಿದ್ದಿಲ್ಲಲ್ಲೋ!"

"ಅಕಿನ್ನ ತಾಸುಗಟ್ಟಲೆ ಬಲಗೈಯಾಗ ಎತ್ತಿ ಹಿಡಿಯೂದಿರಲಿಲ್ಲಲ್ಲೋ ತಮ್ಮಾ."

ಏಳನೆಯ ರವಿವಾರ ಒಂದು ಕಪ್ಪು ಕೋಲು ಒಪ್ಪಿಗೆಯಾಯಿತು. ಅಂಗಡಿಯಲ್ಲಿ ಅದೇ ಎಲ್ಲಕ್ಕಿಂತ ತೆಳ್ಳನೆಯದು, ಎರಡು ತುಂಡು ಜೋಡಿಸುವಂಥದು. ಈಗ ದರ. ಹಳೇ ದಲಾಲರ ಪದ್ಧತಿಯಂತೆ ಕಾಕಾ ಹೆಗಲ ಮೇಲಿನ ಟವೆಲ್ಲನ್ನು ಹಾಸಿ, ಅದರ ಕೆಳಗೆ ಚಾಚಾನ ಬೆರಳು ಹಿಡಿದ. ಎಷ್ಟು ಬೆರಳು ಒತ್ತಿದರೆ ಎಷ್ಟು ನೂರು ಎಂಬ ಲೆಕ್ಕ ಅದು. ಬಲೆ ಮಾರುವ ಚಾಚಾನಿಗೆ ಅದೆಲ್ಲಿ ಗೊತ್ತು? ಅವನು ಟವೆಲ್ಲಿನ ಕೆಳಗೆ ಸುಮ್ಮನೆ ಕಾಕಾನ ಕೈ ಹಿಡಿದುಕೊಂಡು ಕೂತ. ಒಂದು ಗಳಿಗೆ ಕಾಕಾನ ಮುಖ ನೋಡಿದ. ಆಮೇಲೆ, "ನೀವು ಕೊಟ್ಟಷ್ಟು ಕೊಡ್ರಿ, ಒಯ್ರಿ" ಎಂದುಬಿಟ್ಟ! ನೋಡಿದಿರಾ? ಇದಕ್ಕೇ ನನಗೆ ಉರಿಯುವುದು. ನಾನು ಹತ್ತು ರೂಪಾಯಿಗೆ ಅರ್ಧ ತಾಸು ವಾದಿಸಿದರೂ ಕೊತ್ತಂಬರಿ ಮಾರುವವಳು ಒಂದು ಕಡ್ಡಿ ಹೆಚ್ಚಿಗೆ ಹಾಕುವುದಿಲ್ಲ.

ಆ ರಾತ್ರಿಯೇ ನಾನು ಆನ್‌ಲೈನಿನಲ್ಲಿ ಅವನ ಕೋಲಿನ ನಾಲ್ಕು ಪಟ್ಟು ಬೆಲೆಯದೊಂದಕ್ಕೆ ಆರ್ಡರ್ ಕೊಟ್ಟೆ. ದಪ್ಪನೆಯದು, ಉದ್ದನೆಯದು, ಮೇಲೆ ಬಂಗಾರದ ಅಕ್ಷರ, ಪಕ್ಕದಲ್ಲಿ ಬಾಯಿ ತೆರೆದ ಹುಲಿ. ಮೀನಿನ ಕೋಲಿಗೆ ಹುಲಿ ಯಾಕೆ ಎಂದು ಹೆಂಡತಿ ಕೇಳಿದಳು.

ಮೊದಲ ರವಿವಾರ ಊರಾಚೆಯ ಕೆರೆಗೆ ಹೋದೆವು. ಕೆರೆಯ ಗುತ್ತಿಗೆ ಹಿಡಿದವನ ಅಪ್ಪಣೆ ಬೇಕು. ಅವನಿಗೆ ಕಾಕಾನ ಮಾತು ತಲೆಗೇ ಹೋಗಲಿಲ್ಲ.

"ಹಿಡದು ಬಿಡ್ತೀರಿ? ತಿನ್ನೂದಿಲ್ಲ, ಮಾರೂದಿಲ್ಲ? ಮತ್ತ್ಯಾಕ ಹಿಡೀತೀರಿ?"

"ಭೇಟಿ ಆಗಿ ಹೊಕ್ಕೀನ್ರಿ" ಎಂದ ಕಾಕಾ.

ಗುತ್ತಿಗೆಯವನು ನಕ್ಕು ಒಪ್ಪಿದ. ಕಾಕಾ ಕರಡಿಗೆ ಹಿಂದೆ ಸರಿಸಿ ಬೀಸಿದ. ದಾರಕ್ಕೆ ಕಟ್ಟಿದ ಬೆರಳಿನಷ್ಟು ಹಸಿರು ಪ್ಲಾಸ್ಟಿಕ್ ಮೀನು ಸುಂಯ್ ಎಂದು ಹಾರಿ ಜೊಂಡಿನ ಅಂಚಿಗೆ ಬಿತ್ತು. ನಾನು ಹುಲಿಯನ್ನು ಬೀಸಿದೆ. ನನ್ನ ಮೀನು ನನ್ನ ಕಾಲ ಬಳಿಯೇ ಬಿತ್ತು. ಅಷ್ಟು ದಪ್ಪ ಕೋಲು ಅಷ್ಟು ಸಣ್ಣ ಭಾರಕ್ಕೆ ಬಾಗುವುದೇ ಇಲ್ಲವಲ್ಲ! "ಸಾಹೇಬ್ರ, ಇದು ಸಮುದ್ರದ ಕೋಲ್ರಿ. ನಮ್ಮ ಕೆರ್‍ಯಾಗ ತಿಮಿಂಗಿಲ ಬಂದ್ರ ಹೇಳಿ ಕಳಸ್ತೇನಿ" ಎಂದ ಗುತ್ತಿಗೆಯವನು.

ಮರುದಿನವೇ ಚಾಚಾನ ಬಳಿ ಹೋಗಿ ಕಾಕಾನದಂಥದೇ ಕೋಲು, ಅಂಥದೇ ದಾರ, ಅಂಥದೇ ಹಸಿರು ಮೀನು ತಂದೆ. ಪೂರ್ತಿ ಬೆಲೆ ಕೊಟ್ಟು! ಈಗ ಬೀಸಿದ್ದು ದೂರ ಹೋಗತೊಡಗಿತು. ಆದರೆ ನಕಲಿ ಮೀನನ್ನು ದೂರ ಎಸೆದರೆ ಸಾಲದು, ಎಳೆಯುವಾಗ ಅದು ಜೀವಂತ ಮೀನಿನಂತೆ ಕಾಣಬೇಕು. ಅಲ್ಲೇ ನಾನು ಸತ್ತೆ. ನನ್ನದು ನೀರಲ್ಲಿ ಒಣ ಎಲೆಯಂತೆ ತೇಲಿ ಬರುತ್ತಿತ್ತು. ಕಾಕಾನದು ಮೈತುಂಬ ನಡುಗುತ್ತ, ಗಾಬರಿಯಾದ ಮರಿಯಂತೆ ಪಟಪಟ ಒದ್ದಾಡುತ್ತ ಬರುತ್ತಿತ್ತು. ಅದರ ಹಿಂದೆ ಮೀನುಗಳ ಮೆರವಣಿಗೆ! ಗುತ್ತಿಗೆಯವನು ತನ್ನ ಬಲೆಯವರನ್ನೆಲ್ಲ ಕರೆದು, "ಕೈ ಅಂದ್ರ ಕೈ ನೋಡ್ರಲೇ ಸಾಹುಕಾರ್ರದು!" ಎಂದು ತೋರಿಸಿದ. ಅವರು ಹುಟ್ಟಾ ಬೆಸ್ತರು. ಅವರೂ ತಲೆದೂಗಿದರು.

"ಹೆಂಗ ಮಾಡ್ತಿ ಕಾಕಾ, ಹೇಳೋ" ಎಂದು ನಾನು ದುಂಬಾಲು ಬಿದ್ದೆ.

"ನಾ ಏನೂ ಮಾಡೂದಿಲ್ಲೋ. ತಾನ ಆಗತೈತಿ."

ಸುಳ್ಳ! ಗುಟ್ಟು ಬಿಟ್ಟುಕೊಡಲು ಒಲ್ಲ ಎಂದು ನಾನು ದೇಶಪಾಂಡೆ ನಗರದ ನಮ್ಮ ಮಾಳಿಗೆಯ ಮೇಲೆ ದಿನಾ ಸಂಜೆ ಮಣಿಕಟ್ಟು ಅಲುಗಾಡಿಸುವ ಅಭ್ಯಾಸ ಶುರುಮಾಡಿದೆ. ಮೂರನೆಯ ಸಂಜೆ ಪಕ್ಕದ ಮನೆಯವರು ಶಾವಿಗೆ ಒಣಹಾಕಿದ ಸೀರೆಗೆ ಗಾಳ ಸಿಕ್ಕಿ, ಎಳೆದ ಭರಕ್ಕೆ ಸೀರೆ, ಶಾವಿಗೆ ಎರಡೂ ಗೋಡೆ ದಾಟಿ ನಮ್ಮ ಮನೆಗೆ ಬಂದವು. "ಮಾವಾರು ಮೀನ ಹಿಡೀತಾರ, ನೀವು ಮಂದಿ ಮನಿ ಶಾವಿಗಿ ಹಿಡದೀರಿ" ಎಂದಳು ಹೆಂಡತಿ. ಮಣಿಕಟ್ಟಿಗೆ ಎಣ್ಣೆ ತಿಕ್ಕುವಾಗಲೂ ನನ್ನ ಕಣ್ಣ ಮುಂದೆ ಆ ಹಸಿರು ಮೀನಿನ ಕುಣಿತವೇ.

ಕಳೆದ ತಿಂಗಳ ಒಂದು ರವಿವಾರ ನಾನು ಉಪಾಯ ಮಾಡಿದೆ. ಗೆಲ್ಲಲಾಗದಿದ್ದರೆ ಅವನನ್ನು ಸೋಲಿಸಿಯಾದರೂ ನೋಡೋಣ ಎಂದು ಹುಲಿಯ ಕೋಲು ಒಯ್ದೆ. ಗುತ್ತಿಗೆಯವನ ಎದುರಿಗೇ ಕೇಳಿದೆ.

"ಇವತ್ತ ಇದರಿಂದ ಒಗದು ತೋರಸು ಕಾಕಾ."

"ಬ್ಯಾಡೋ, ಅದು ಭಾರ ಐತಿ."

"ಯಾಕ, ಮಂದಿ ಮುಂದ ಮರ್ಯಾದಿ ಹೊಕ್ಕೈತಿ ಅಂತ ಅಂಜಿಕಿ ಏನು?"

ಕಾಕಾ ನನ್ನ ಮುಖ ನೋಡಿದ. ಕೋಲು ತೆಗೆದುಕೊಂಡ. ಎತ್ತಿದ. ಭುಜದವರೆಗೆ ಬರುವಷ್ಟರಲ್ಲಿ ಅವನ ಬಲಗೈ ತೂಗಾಡಿ, ಕೋಲಿನ ತುದಿ ಎರಡು ಸಲ ನೀರಿಗೆ ಬಡಿದು, ಕೈಯಿಂದ ಜಾರಿ ಕೆಸರಿಗೆ ಬಿತ್ತು. ನಾನು ನಕ್ಕೆ. ಚಪ್ಪಾಳೆ ತಟ್ಟಿ ನಕ್ಕೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಗು ನಿಂತದ್ದು ಗುತ್ತಿಗೆಯವನು ನಗದೆ ತಲೆತಗ್ಗಿಸಿ ಆಚೆ ಹೋದಾಗ.

ಕಾಕಾ ದಂಡೆಯ ಕಲ್ಲಿನ ಮೇಲೆ ಕೂತು, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡಿದ್ದ. ಹಿಡಿದರೂ ಅದು ನಿಂತಿರಲಿಲ್ಲ.

"ವರ್ಷದ ಮ್ಯಾಲಾತು ತಮ್ಮಾ. ಈ ಕೈ ನನ್ನ ಮಾತು ಕೇಳವಲ್ದು. ಡಾಕ್ಟರು ಗುಳಿಗಿ ಕೊಟ್ಟಾರ. ವಾಸಿ ಆಗೂ ಪೈಕಿ ಅಲ್ಲಂತ ಇದು."

"ಚಿಗವ್ವಗ ಗೊತ್ತೇನೋ?"

"ಇಲ್ಲ. ಆ ಚಾಚಾಗ ಟವೆಲ್ಲಿನ ಬುಡಕ ಗೊತ್ತಾತು. ಈ ಗುತ್ತಿಗಿಯವಂಗ ಇಲ್ಲೆ ಗೊತ್ತಾತು. ಇವತ್ತ ನಿನಗ." ಕೆಸರು ಹತ್ತಿದ ಕೋಲನ್ನು ಎಡಗೈಯಿಂದ ಎತ್ತಿ ಕಲ್ಲಿಗೆ ಆನಿಸಿದ. "ಪ್ಯಾಟ್ಯಾಗ ಹತ್ತಿ ಅಂಗೈ ಮ್ಯಾಲ ಇಟ್ಟು ತೋರಸಬೇಕಲ್ಲ. ಕೈ ನಡಗಿದ್ರ, ಇವಂಗ ಮಾರೂ ಗರಜು ಭಾಳ ಐತಿ ಅಂತ ತಿಳದು ದರಾ ಇಳಸ್ತಾರ. ಅದಕ ಅಲ್ಲೆ ಈ ಕೈ ಕಿಸೆದಾಗ ಇರತೈತಿ. ಮನ್ಯಾಗ ಪಂಜೆದಾಗ. ಇದನ್ನ ಮುಚ್ಚಿಡದ ಕೂಡಾಕ ಬರೂದು ಇಲ್ಲೆ ಒಂದ ಕಡೆ ನೋಡು. ಈ ಮೀನುಗೊಳು ಹುಚ್ಚವು. ನನ್ನ ನಡಗೂದನ್ನ ಜೀವಾ ಅಂತ ತಿಳಕೊಂಡು ಬರ್ತಾವ."

ಎಂಟು ತಿಂಗಳು ಅವನ ಪಕ್ಕದಲ್ಲೇ ನಿಂತಿದ್ದೆ. ನೀರಲ್ಲಿನ ಆ ಪ್ಲಾಸ್ಟಿಕ್ ಮೀನನ್ನೇ ನೋಡಿದೆನೇ ಹೊರತು ಒಂದು ಸಲವೂ ಅವನ ಕೈ ನೋಡಿರಲಿಲ್ಲ. ನಾನು ಮಾಳಿಗೆಯ ಮೇಲೆ ನಿಂತು ಬೇಡಿದ್ದು ಈ ಕಾಯಿಲೆಯನ್ನು.

"ಸುಮ್ಮ ಯಾಕ ನಿಂತಿ? ಹಸರ ಮೀನಕ್ಕೊಂದು ಗಂಟು ಹಾಕಿ ಕೊಡು" ಎಂದ ಕಾಕಾ. "ಸೂಜಿಯಂಥಾ ತೂತಿನ್ಯಾಗ ದಾರಾ ಪೋಣಸೂದು ನನ್ನ ಕಡಿಂದ ಆಗೂದಿಲ್ಲ. ಇಷ್ಟು ದಿನಾ ಗುತ್ತಿಗಿಯವನ ಕಡೆ ಹಾಕಿಸ್ಕೊತಿದ್ದೆ."

ಪೋಣಿಸಿದೆ. ಮೊದಲ ಸಲ ತಪ್ಪಿತು. ಎರಡನೆಯ ಸಲಕ್ಕೆ ಗಂಟು ಬಿತ್ತು. ಕಾಕಾ ಎದ್ದು ತನ್ನ ಹಗುರ ಕೋಲು ಬೀಸಿದ. ಜೊಂಡಿನ ಅಂಚಿನಿಂದ ಆ ಮೀನು ಮತ್ತೆ ಪಟಪಟ ಜೀವ ತುಂಬಿಕೊಂಡು ಬಂತು. ಅಂಗೈ ಅಗಲದ್ದೊಂದು ಬಂದು ಕಚ್ಚಿತು. ಕಾಕಾ ಮಗುವಿನಂತೆ ಕೂಗಿದ, ಬಲೆಯವರೆಲ್ಲ ತಿರುಗಿ ನೋಡಿದರು, ಯಾರೋ "ಭಲೇ ಸಾಹುಕಾರ್ರ!" ಅಂದರು.

ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಹುಟ್ಟಿದಾಗಿನಿಂದ ಅದೇ ಮೊದಲ ಸಲ. ಆಗಲಿ, ಮೊದಲಿನಂತೆ ಸ್ವಲ್ಪವಾದರೂ ಆಗಲಿ ಎಂದು ಎಷ್ಟು ಪ್ರಯತ್ನಪಟ್ಟೆ ಗೊತ್ತೇ?