ಮಾದರಿ ಕೆನ್ನೆ

ಎಲ್ಲ ಅನಾಹುತಕ್ಕೂ ಮೂಲ, ಗಡ್ಡ ತೆಗೆಯುವ ಮೆಷಿನ್ ಮಾರುವ ಆ ಅಂಗಡಿಯಲ್ಲಿ ಮ್ಯಾನೇಜರ್ ತಂದಿದ್ದ ಒಂದು ನಿಯಮ. ಕೌಂಟರಿನಲ್ಲಿ ನಿಲ್ಲುವವರೆಲ್ಲ ಕಂಪನಿಯ ಮೆಷಿನ್ನಿನಿಂದಲೇ ಗಡ್ಡ ತೆಗೆದುಕೊಂಡು ಬರಬೇಕು. "ನೀವೇ ಉಪಯೋಗಿಸದೇ ಇರೋದನ್ನ ಗಿರಾಕಿಗೆ ಯಾವ ಬಾಯಲ್ಲಿ ತಗೊಳ್ಳಿ ಅಂತೀರಿ?" ಎಂಬುದು ಅವರ ವಾದ. ಉಳಿದವರ ಮುಖಗಳು ಹೇಗೋ ತಡೆದುಕೊಂಡವು. ಒಬ್ಬನದು ಮಾತ್ರ ತಡೆಯಲಿಲ್ಲ. ಮೆಷಿನ್ ಆಡಿಸಿದ ಸ್ವಲ್ಪ ಹೊತ್ತಿಗೆಲ್ಲ ಅವನ ಎರಡೂ ಕೆನ್ನೆ ಕೆಂಪಗೆ ಊದಿ, ಅದರ ಮೇಲೆ ಸಣ್ಣ ಗುಳ್ಳೆಗಳು ಸಾಲುಗಟ್ಟುತ್ತಿದ್ದವು. ಅಂಗಡಿಯಲ್ಲಿ ಅವನ ಹೆಸರೇ ಟೊಮೇಟೊ ಎಂದಾಯಿತು. ಕಾವಲುಗಾರ ಕೂಡ "ನಮಸ್ಕಾರ ಟೊಮೇಟೊ ಸಾರ್" ಎಂದು ಗೌರವದಿಂದಲೇ ಕರೆಯುತ್ತಿದ್ದ.

ವಿಚಿತ್ರವೆಂದರೆ, ಅಂಗಡಿಯಲ್ಲಿ ಅವನಷ್ಟು ಚೆನ್ನಾಗಿ ಮೆಷಿನ್ ಮಾರುವವರು ಇನ್ನೊಬ್ಬರಿರಲಿಲ್ಲ. ಗಿರಾಕಿ ಅವನ ಕೆನ್ನೆ ನೋಡಿ ಹಿಂದೆ ಸರಿಯುವ ಮೊದಲೇ ಅವನ ನಾಲಿಗೆ ಕೆಲಸ ಮುಗಿಸಿಬಿಡುತ್ತಿತ್ತು. ಬಿಡುವಿದ್ದಾಗ ಊರಿನ ಸಲೂನುಗಳಿಗೂ ಹೋಗಿ ಮಾರಿ ಬರುತ್ತಿದ್ದ.

ಆದರೆ ಆ ನಾಲಿಗೆ ಹೆಡ್ ಆಫೀಸಿನ ಸಾಹೇಬರ ಮುಂದೆ ನಡೆಯುವಂತಿರಲಿಲ್ಲ. ಅವರು ಅಂಗಡಿ ತಪಾಸಣೆಗೆ ಬರುವ ದಿನದ ಹಿಂದಿನ ಸಂಜೆ ಮ್ಯಾನೇಜರ್ ಅವನನ್ನು ಪಕ್ಕಕ್ಕೆ ಕರೆದರು.

"ನಾಳೆ ಮಧ್ಯಾಹ್ನ ನಿಮ್ಮ ಕೆನ್ನೆ ಕನ್ನಡಿ ಥರ ಇರಬೇಕು. ಗುಳ್ಳೆ ಕಂಡ್ರೆ ನಾಡಿದ್ದರಿಂದ ಗೋದಾಮು. ಗಡ್ಡ ಕಂಡ್ರೂ ಗೋದಾಮೇ."

ಗೋದಾಮು ಇದ್ದದ್ದು ಊರಾಚೆ. ಎರಡು ಬಸ್ ಬದಲಿಸಿ ಹೋಗಬೇಕು. ಅಲ್ಲಿಗೆ ಹೋದವರು ಮನೆಗೆ ಮರಳುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಟೊಮೇಟೊಗೆ ನಾಲ್ಕು ವರ್ಷದ ಮಗಳಿದ್ದಳು. ಅಪ್ಪ ಬಂದು ತುತ್ತಿಡದೆ ಅವಳು ಬಾಯಿ ತೆರೆಯುತ್ತಿರಲಿಲ್ಲ.

ಚರ್ಮದ ಡಾಕ್ಟರು ಹಿಂದೆಯೇ ದಾರಿ ಹೇಳಿದ್ದರು. ಬಿಸಿ ಟವೆಲ್ ಸುತ್ತಿ ಗಡ್ಡ ಮೆತ್ತಗೆ ಮಾಡಿಸಿಕೊಳ್ಳಿ, ನುರಿತ ಕೈಯವರ ಹತ್ತಿರ ಉದ್ದನೆಯ ಕ್ಷೌರದ ಕತ್ತಿಯಲ್ಲಿ ಒಂದೇ ಸಲ ಎಳೆಸಿಕೊಳ್ಳಿ, ಮೆಷಿನ್ ಮಾತ್ರ ಮುಟ್ಟಬೇಡಿ ಎಂದು. ಕಂಪನಿಗೆ ಗೊತ್ತಾದರೆ ಕೆಲಸವೇ ಹೋದೀತೆಂದು ಟೊಮೇಟೊ ಆ ಸಲಹೆಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದ. ಈಗ ಬೇರೆ ಗತಿ ಇರಲಿಲ್ಲ. ಮರುದಿನ ಬೆಳಿಗ್ಗೆ, ಹಿಂದಿನ ದಿನ ಮೆಷಿನ್ ತಪ್ಪಿಸಿ ಉಳಿಸಿದ್ದ ಎರಡು ದಿನದ ಗಡ್ಡ ಹೊತ್ತು, ಹಲ್ಲುನೋವೆಂದು ಅಂಗಡಿಗೆ ಫೋನ್ ಮಾಡಿ ಹೊರಟ.

"ಕತ್ತಿ ಇಟ್ಕೊಂಡಿರೋರು ಈಗ ಯಾರಿದ್ದಾರೆ ರೀ?" ಎಂದಳು ಹೆಂಡತಿ. "ಊರಿಗೆಲ್ಲಾ ಮೆಷಿನ್ ಹಂಚಿದೋರು ನೀವೇ ಅಲ್ವಾ?"

ಆ ಮಾತಿನ ಭಾರ ಅವನಿಗೆ ತಿಳಿದದ್ದು ಮೊದಲನೆಯ ಸಲೂನಿನಲ್ಲಿ. ಗಾಜಿನ ಬಾಗಿಲು ತಳ್ಳುತ್ತಲೇ ಮಾಲೀಕ ಎದ್ದು ನಿಂತ.

"ಬನ್ನಿ ಗುರುಗಳೇ. ಏನು, ಮೆಷಿನ್ ಹೆಂಗೆ ಓಡ್ತಿದೆ ಅಂತ ನೋಡೋಕೆ ಬಂದ್ರಾ?"

"ಇಲ್ಲ, ಗಡ್ಡ ತೆಗೆಸೋಕೆ. ಕತ್ತೀಲಿ."

"ಕತ್ತೀನಾ?" ಮಾಲೀಕ ನಕ್ಕ. "ಅದನ್ನ ಗುಜರಿಗೆ ಹಾಕಿ ಅಂತ ಇದೇ ಕುರ್ಚೀಲಿ ಕೂತು ಹೇಳಿದ್ರಲ್ಲ. ಹಾಕ್ದೆ. ನಮ್ಮನ್ನ ಪರೀಕ್ಷೆ ಮಾಡ್ತಿದ್ದೀರಿ ಅಲ್ವಾ?" ಎನ್ನುತ್ತ ಕೊರಳಿಗೆ ಬಟ್ಟೆ ಕಟ್ಟಿ, ಮೆಷಿನ್ ಗುರ್ರೆನಿಸುತ್ತ ಮೈಮೇಲೆ ಬಂದ. ಟೊಮೇಟೊ ಅದೇ ಬಟ್ಟೆಯಲ್ಲಿ ಬೀದಿಗೆ ಹಾರಿದ. ಸಂತೆಯಿಂದ ತಪ್ಪಿಸಿಕೊಂಡ ಕೋಳಿಯಂತೆ ಓಡಿ ತಿರುವು ದಾಟಿದ ಮೇಲೆಯೇ ಅದನ್ನು ಬಿಚ್ಚಿದ್ದು.

ಎರಡನೆಯ ಸಲೂನಿನಲ್ಲೂ ಅವನು ಮಾರಿದ ಮೆಷಿನ್ನೇ. ಮೂರನೆಯದರಲ್ಲಿ ಎರಡಿದ್ದವು; ಎರಡನೆಯದನ್ನು ರಿಯಾಯಿತಿಯಲ್ಲಿ ಕೊಡಿಸಿದವನೂ ಅವನೇ. ತಾನು ಇಷ್ಟು ಒಳ್ಳೆಯ ಕೆಲಸಗಾರನೆಂದು ಅವನಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ದಾರಿಯಲ್ಲಿ ಕೆಳಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಎದುರಾದರು. ಊರಿನ ಪ್ರತಿ ಬಾಗಿಲೂ ತಮಗೆ ಗೊತ್ತು ಎನ್ನುವವರು ಅವರು. ಟೊಮೇಟೊ ತಾನು ಹುಡುಕುತ್ತಿರುವುದನ್ನು ಹೇಳಿದ.

"ಕತ್ತಿ ಕ್ಷೌರ ತಾನೆ? ನಡಿಯಪ್ಪಾ, ನಾನೇ ತೋರಿಸ್ತೀನಿ."

"ಬೇಡಿ ಸಾರ್, ವಿಳಾಸ ಹೇಳಿ, ನಾನೇ ಹೋಗ್ತೀನಿ."

"ವಿಳಾಸ ಹೇಳಿದ್ರೆ ತಪ್ಪು ಮನೆಗೆ ಹೋಗ್ತೀಯ. ಮೂವತ್ತು ವರ್ಷ ಅದನ್ನೇ ನೋಡಿದೋನು ನಾನು."

ಬಿಸಿಲಲ್ಲಿ ಮೂರು ಬೀದಿ ಸುತ್ತಿಸಿ ಅವರು ತೋರಿಸಿದ ಬಾಗಿಲ ಮೇಲೆ ದೊಡ್ಡ ಹಲ್ಲಿನ ಚಿತ್ರವಿತ್ತು. "ಇದೇ ಅಂಗಡಿ," ಎಂದರು ಪೋಸ್ಟ್‌ಮಾಸ್ಟರ್, ಹಲ್ಲನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ. ಒಳಗೆ ಹೋಗಿ ದಂತವೈದ್ಯೆಯನ್ನೇ ಕೇಳಿದರು: "ಏನಮ್ಮಾ, ಇಲ್ಲಿ ಗಡ್ಡ ತೆಗೀತಿದ್ರಲ್ಲ, ನಿಲ್ಲಿಸಿಬಿಟ್ರಾ?"

"ಅವರು ಬಿಟ್ಟು ಹೋಗಿ ಎಷ್ಟೋ ಕಾಲ ಆಯ್ತು. ಹಿಂದಿನ ಬೀದೀಲಿ ನೆಲಮಾಳಿಗೇಲಿ ಇದ್ದಾರಂತೆ," ಎಂದ ಆಕೆ ಟೊಮೇಟೊ ಕೆನ್ನೆಯ ಮೇಲೆ ಕೈಯಿಟ್ಟು ನಿಂತದ್ದು ನೋಡಿ, "ನಿಮಗೆ ಯಾವ ಹಲ್ಲು?" ಎಂದು ಕೇಳಿದರು. ಹಲ್ಲು ಒಂದೂ ನೋಯುತ್ತಿಲ್ಲವೆಂದು ಒಪ್ಪಿಸುವುದಕ್ಕೆ ಬಾಯಿ ಪೂರ್ತಿ ತೆರೆದು ತೋರಿಸಬೇಕಾಯಿತು. ಪೋಸ್ಟ್‌ಮಾಸ್ಟರೂ ಬಗ್ಗಿ ನೋಡಿದರು.

"ನೀನು ಹೋಗಿ ಬಾ ಅಪ್ಪಾ. ಬಂದಿದ್ದೇ ಬಂದೆ, ನನ್ನ ಕಟ್ಟುಹಲ್ಲು ಒಂದು ತೋರಿಸ್ಕೊಳ್ತೀನಿ," ಎಂದು ಅವರು ಕುರ್ಚಿ ಹಿಡಿದರು.

ನೆಲಮಾಳಿಗೆಯ ಮೆಟ್ಟಿಲಿಳಿಯುವಾಗಲೇ ಸೋಪಿನ ನೊರೆಯ ವಾಸನೆ ಬಂತು. ಒಂದೇ ಕುರ್ಚಿ, ಒಲೆಯ ಮೇಲೆ ಹಬೆಯಾಡುವ ಪಾತ್ರೆ, ಗೋಡೆಗೆ ತೂಗುಹಾಕಿದ ಚರ್ಮದ ಪಟ್ಟಿ. ಮುದುಕ ಕ್ಷೌರಿಕ ಪಟ್ಟಿಯ ಮೇಲೆ ಕತ್ತಿ ಮಸೆಯುತ್ತಿದ್ದವನು ತಲೆ ಎತ್ತಿ, "ಓ, ನೀವಾ?" ಎಂದ. ಊರಿನಲ್ಲಿ ಮೆಷಿನ್ ಕೊಳ್ಳದೆ ಉಳಿದ ಏಕೈಕ ಕ್ಷೌರಿಕ ಅವನು. ಟೊಮೇಟೊ ಅವನ ಮುಂದೆಯೂ ಒಮ್ಮೆ ಗಂಟೆಗಟ್ಟಲೆ ಭಾಷಣ ಮಾಡಿ, ಈ ಕತ್ತಿಯನ್ನು ವಸ್ತುಸಂಗ್ರಹಾಲಯಕ್ಕೆ ಕೊಡಿ ಎಂದು ಹೇಳಿ ಹೋಗಿದ್ದ.

"ಸಂಗ್ರಹಾಲಯ ನೋಡೋಕೆ ಬಂದ್ರಾ?"

"ಅಜ್ಜಾ, ಕ್ಷಮಿಸಿ. ಇವತ್ತು ನನ್ನ ಕೆನ್ನೆ ಉಳಿಸಬೇಕು ನೀವು."

"ಕೂತ್ಕೊಳ್ಳಿ. ಅವತ್ತು ಪೂರ್ತಿ ನೀವೇ ಮಾತಾಡಿದ್ರಿ. ಇವತ್ತು ನನ್ನ ಸರದಿ."

ಬಿಸಿ ಟವೆಲ್ ಮುಖ ಮುಚ್ಚಿತು. ವರ್ಷಗಳಿಂದ ಉರಿಯುತ್ತಿದ್ದ ಚರ್ಮ ಉಸ್ಸೆಂದಿತು. ಆ ಸುಖದ ನಡುವೆಯೇ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮುದುಕ ಅದನ್ನು ತೆಗೆದು ಅವನ ಕಿವಿಗೆ ಹಿಡಿದ.

"ಸಾಹೇಬರು ಬೇಗನೇ ಬರ್ತಿದ್ದಾರೆ. ಎಲ್ಲಿದ್ದೀರಿ?" ಮ್ಯಾನೇಜರ್ ದನಿ.

"ಮ್ಮ್ಮ್ ಮ್ಮ," ಎಂದಿತು ಟವೆಲ್.

"ಕಿತ್ತೇಬಿಟ್ರಾ? ಪಾಪ, ಮಾತಾಡಬೇಡಿ. ಆದ್ರೆ ಬನ್ನಿ."

ಆಮೇಲೆ ನೊರೆ, ಆಮೇಲೆ ಕತ್ತಿ. ಗಂಟಲಿನ ಹತ್ತಿರ ಬಂದಾಗ ಮುದುಕ ಕೈ ನಿಲ್ಲಿಸಿದ.

"ಈಗ ಹೇಳಿ, ಮೆಷಿನ್ನಿನಲ್ಲಿ ಅಂಥಾದ್ದೇನಿದೆ?"

ಟೊಮೇಟೊ ಕತ್ತಿಯ ಕಡೆ ಕಣ್ಣು ಹೊರಳಿಸಿ, ಗದ್ದವನ್ನು ಇನ್ನಷ್ಟು ಮೇಲೆತ್ತಿ ಕೊಟ್ಟ. ಮುದುಕ ತೃಪ್ತಿಯಿಂದ ಕೆಲಸ ಮುಂದುವರಿಸಿದ. ಕೊನೆಗೆ ಪಟಿಕದ ಕಲ್ಲು ಸವರಿ ಕನ್ನಡಿ ಹಿಡಿದಾಗ, ಅದರೊಳಗಿದ್ದವನು ಮದುವೆಯ ಫೋಟೊದ ಹುಡುಗ. ಒಂದು ಗುಳ್ಳೆಯಿಲ್ಲ, ಒಂದು ಕೂದಲಿಲ್ಲ.

ಅವನು ಓಡುತ್ತ ಅಂಗಡಿ ಸೇರುವಾಗ ಸಾಹೇಬರು ಆಗಷ್ಟೇ ಕಾರಿನಿಂದ ಇಳಿದಿದ್ದರು. ಎದೆಯವರೆಗೆ ಇಳಿಬಿಟ್ಟ ದಟ್ಟ ಗಡ್ಡದ ಮನುಷ್ಯ. ಗಡ್ಡದ ಮೆಷಿನ್ ಕಂಪನಿಗೆ ಇಂಥ ಸಾಹೇಬರೇ ಎಂದು ಸಿಬ್ಬಂದಿಯೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೇಳುವ ಧೈರ್ಯ ಮ್ಯಾನೇಜರ್‌ಗೂ ಇರಲಿಲ್ಲ.

ಸಾಹೇಬರು ಸಾಲಾಗಿ ನಿಂತವರ ಕೆನ್ನೆಗಳನ್ನು ಮಾವಿನ ಹಣ್ಣು ಆರಿಸುವವರಂತೆ ನೋಡುತ್ತ ಬಂದರು. ಟೊಮೇಟೊನ ಮುಂದೆ ನಿಂತರು. ಬೆರಳ ಹಿಂಬದಿಯಿಂದ ಸವರಿದರು. ಮತ್ತೊಮ್ಮೆ ಸವರಿದರು.

"ನಮ್ಮ ಮೆಷಿನ್ ಇಷ್ಟು ನುಣುಪಾಗಿ ತೆಗೀತದೆ ಅಂತ ನನಗೇ ಗೊತ್ತಿರಲಿಲ್ಲ," ಎಂದರು. "ಇವರನ್ನ ಕೌಂಟರಿನ ಹಿಂದೆ ಬಚ್ಚಿಟ್ಟಿದ್ದೀರಲ್ರೀ?"

"ನಮ್ಮ ಅತ್ಯುತ್ತಮ ಸಿಬ್ಬಂದಿ ಸಾರ್," ಎಂದರು ಮ್ಯಾನೇಜರ್. ಟೊಮೇಟೊಗೆ ಮಗಳ ಬಾಯಿಗಿಡುವ ತುತ್ತು ಕಣ್ಣೆದುರು ಬಂತು.

"ನಾಳೆಯಿಂದ ಇವರು ಬೀದಿ ಕಡೆ ಗಾಜಿನ ಕಿಟಕೀಲಿ ಕೂರಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಜನ ಸೇರಿದಾಗೆಲ್ಲ ಮೆಷಿನ್ ಆಡಿಸಿ ತೋರಿಸಲಿ. ಅಂಗಡಿ ಮುಚ್ಚೋವರೆಗೂ ಇರಲಿ. ನಾಳೆ ಯಾಕೆ, ಈಗಲೇ ಒಂದು ಸಲ ನೋಡೋಣ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಹೊಸ ಮೆಷಿನ್ ಬಿಚ್ಚಿ, ತಾವೇ ಚಾಲೂ ಮಾಡಿ, ಅವನ ಕೈಗಿತ್ತರು. ಆಗಷ್ಟೇ ಕತ್ತಿಯಾಡಿದ್ದ ಚರ್ಮಕ್ಕೆ ಅದು ತಾಗಿದ್ದೇ ತಡ, ಟೊಮೇಟೊನ ಕಣ್ಣಲ್ಲಿ ನೀರು ತುಂಬಿತು. ಬಡ್ತಿಯ ಆನಂದಬಾಷ್ಪವೆಂದು ಸಾಹೇಬರು ಬೆನ್ನು ತಟ್ಟಿದರು. ಎಡಗೆನ್ನೆ ಮುಗಿಯುವ ಹೊತ್ತಿಗೆ ಅದು ಕೆಂಪಗೆ ಊದಿತ್ತು.

"ನೋಡಿ, ನೋಡಿ, ಮುಖಕ್ಕೆ ಎಂಥಾ ಕಾಂತಿ ಬಂತು," ಎಂದರು ಸಾಹೇಬರು.

ಬಲಗೆನ್ನೆಗೆ ಮೆಷಿನ್ ಒಯ್ಯುವ ಮೊದಲು ಟೊಮೇಟೊ ಕೊನೆಯ ಧೈರ್ಯ ಕೂಡಿಸಿ ಕೇಳಿದ: "ಸಾರ್, ತಪ್ಪು ತಿಳೀಬೇಡಿ. ತಾವು ಯಾಕೆ ಮೆಷಿನ್ ಬಳಸೋದಿಲ್ಲ?"

ಸಾಹೇಬರು ಅವನನ್ನು ಹತ್ತಿರಕ್ಕೆಳೆದು, ಮ್ಯಾನೇಜರ್‌ಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ಅದೊಂದು ಕೊರಗು ಕಣ್ರೀ ನನಗೆ. ಮುಟ್ಟಿಸಿದ್ರೆ ಸಾಕು, ಕೆನ್ನೆ ತುಂಬಾ ಗುಳ್ಳೆ ಏಳ್ತವೆ. ನಿಮ್ಮಂಥ ಚರ್ಮ ಎಲ್ಲರಿಗೂ ಎಲ್ಲಿ ಸಿಗುತ್ತೆ?"