ನಾಲ್ಕು ಇಪ್ಪತ್ತರ ನೆಮ್ಮದಿ

ನಾಲ್ಕು ಸಾವಿರಕ್ಕೆ ಒಪ್ಪಿಕೊಂಡ ಕೆಲಸ. ಅದರಲ್ಲಿ ಕಾಲರ್ ಮೈಕು, ರೆಕಾರ್ಡರು ಎರಡಕ್ಕೂ ಸೇರಿ ದಿನದ ಬಾಡಿಗೆ ಒಂದೂವರೆ ಸಾವಿರ. ಬಸ್ಸು, ಊಟ, ಟೀ ಅಂತ ಇನ್ನೂರೈವತ್ತು. ಉಳಿಯುವುದು ಎರಡು ಸಾವಿರದ ಇನ್ನೂರೈವತ್ತು. ಈ ಲೆಕ್ಕವನ್ನು ಚೆಕ್ಕಣ್ಣ ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಸಲ, ಬಸ್ಸಿನಲ್ಲಿ ಎರಡು ಸಲ ಮಾಡಿ ನೋಡಿದ. ಮೂರು ಸಲವೂ ಅಷ್ಟೇ ಬಂತು.

ಚೆಕ್ಕಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೈಕು ಕೈಗೆ ಸಿಕ್ಕಿತೆಂದರೆ 'ಚೆಕ್, ಚೆಕ್' ಅನ್ನದೆ ಇರಲಾರದ ಈ ವಿಡಿಯೋದವನಿಗೆ ಬೀದಿಯವರು ಇಟ್ಟದ್ದು. ಕ್ಯಾಮೆರಾ ಅವನ ಸ್ವಂತದ್ದು. ಮೈಕು, ರೆಕಾರ್ಡರು ಮಾತ್ರ ಬಾಡಿಗೆಯವು, ಮತ್ತು ಬಾಡಿಗೆ ಅಂಗಡಿಯವನು ಮುಖ ನೋಡಿ ಕರಗುವ ಪೈಕಿ ಅಲ್ಲ.

"ಆರು ಗಂಟೆಗೆ ಶಟರ್ ಎಳೀತೀನಿ," ಅಂದಿದ್ದ ಅವನು. "ಆರೂ ಒಂದಕ್ಕೆ ಬಂದ್ರೂ ಇನ್ನೊಂದು ದಿನದ ಬಾಡಿಗೆ. ಅಳೋದು, ಕೈ ಮುಗಿಯೋದು ಏನೂ ನಡೆಯಲ್ಲ."

ಮನೆಯಲ್ಲಿ ಹೆಂಡತಿ ಹೇಳಿ ಕಳಿಸಿದ್ದೂ ಅಷ್ಟೇ ಖಡಕ್ಕಾಗಿತ್ತು. "ನೋಡ್ರೀ, ಲಾಭ ತನ್ನಿ ಅಂತ ನಾನು ಕೇಳ್ತಿಲ್ಲ. ಈ ತಿಂಗಳೂ ಕೈಯಿಂದ ಹಾಕ್ಕೊಂಡು ಬಂದ್ರೆ ಮಾತ್ರ ಒಂದನೇ ತಾರೀಕಿಂದ ನಮ್ಮಣ್ಣನ ಪೇಂಟ್ ಅಂಗಡೀಲಿ ಕೂತ್ಕೋಬೇಕು."

ಆ ಭಾವನ ಅಂಗಡಿಯಲ್ಲಿ ಬಿಳಿ ಬಣ್ಣದಲ್ಲೇ ಹದಿನೇಳು ಬಗೆ ಇತ್ತು. ಹದಿನೇಳರ ಹೆಸರನ್ನೂ ತಂಗಿಯ ಗಂಡನಿಗೆ ಬಾಯಿಪಾಠ ಮಾಡಿಸಲು ಭಾವ ಎರಡು ವರ್ಷದಿಂದ ಕಾಯುತ್ತಿದ್ದ.

ಕೆಲಸ ಇದ್ದದ್ದು ಒಂದು ಗಡಿಯಾರ ರಿಪೇರಿ ಅಂಗಡಿಯಲ್ಲಿ. ಅದನ್ನು ನಡೆಸುವ ತಾತನಿಗೆ ಕೈ ನಡುಗತೊಡಗಿ, ತಿಂಗಳ ಕೊನೆಗೆ ಅಂಗಡಿ ಮುಚ್ಚುವುದೆಂದು ನಿರ್ಧಾರವಾಗಿತ್ತು. "ಮುಚ್ಚೋದ್ರೊಳಗೆ ಅಪ್ಪ ಕೆಲಸ ಮಾಡೋದು, ಮಾತಾಡೋದು ವಿಡಿಯೋ ಆಗ್ಬೇಕು," ಎಂದಿದ್ದಳು ತಾತನ ಮಗಳು. "ನಮ್ಮ ಅಂಗಡಿ ಹೇಗಿದೆಯೋ ಹಾಗೇ ಬರಬೇಕು. ನಾನು ಆಫೀಸಿಂದ ಆರಕ್ಕೆ ಬಂದು ನೋಡ್ತೀನಿ. ಸರಿ ಬಂದ್ರೆ ದುಡ್ಡು ತಕ್ಷಣ."

ಚೆಕ್ಕಣ್ಣ ತಾತನ ಅಂಗಿಗೆ ಮೈಕು ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು 'ಚೆಕ್, ಚೆಕ್' ಅಂದ. ಕಿವಿಯೊಳಗೆ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂತಾಯಿತು. ಗೋಡೆಯ ಮೇಲೆ ನಲವತ್ತೊಂದು ಗಡಿಯಾರ. ಒಂದರ ಟಿಕ್ಕು ಮುಗಿಯುವ ಮೊದಲೇ ಇನ್ನೊಂದರ ಟಕ್ಕು. ತಾತನ ಮಾತು ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನಂತೆ ಅದರ ನಡುವೆ ಎಲ್ಲೋ ಇತ್ತು.

"ತಾತ, ಇವನ್ನೆಲ್ಲ ಸ್ವಲ್ಪ ಹೊತ್ತು ನಿಲ್ಲಿಸಬೇಕಲ್ಲ."

"ಯಾವುದನ್ನ?"

"ಗಡಿಯಾರಗಳನ್ನ."

ನಿಂತ ಗಡಿಯಾರ ನಡೆಸುವುದೇ ಕೆಲಸವಾಗಿದ್ದವನಿಗೆ ನಡೆಯುವುದನ್ನು ನಿಲ್ಲಿಸು ಅಂದರೆ ಹೇಗಿರುತ್ತದೆ? ತಾತ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಅವನನ್ನೇ ನೋಡಿದ. ಕೊನೆಗೆ, ಮಗಳ ಆಸೆಗಾಗಿ ಒಪ್ಪಿದ. ಒಂದೊಂದನ್ನೇ ನಿಲ್ಲಿಸುತ್ತ ಬರಲು ಒಂದು ಗಂಟೆ ಹಿಡಿಯಿತು. ನಲವತ್ತೊಂದನೆಯದು ಬಾಗಿಲ ಮೇಲಿದ್ದ ದೊಡ್ಡ ಗಡಿಯಾರ. "ಇದೊಂದನ್ನು ಮುಟ್ಟಬೇಡಪ್ಪ. ಇದು ಅಂಗಡಿ ತೆರೆದ ದಿನದಿಂದ ನಿಂತಿಲ್ಲ," ಎಂದ ತಾತ. ಅದರ ಸದ್ದು ಮೆಲ್ಲನೆಯದು, ದೂರದ್ದು. ಚೆಕ್ಕಣ್ಣ ಬಿಟ್ಟುಬಿಟ್ಟ. ಹೊತ್ತು ನೋಡಲು ಒಂದಾದರೂ ಬೇಕಲ್ಲ. ಅವನ ಸ್ವಂತ ಕೈಗಡಿಯಾರವನ್ನು ತಾತ ಚಿತ್ರೀಕರಣಕ್ಕೆಂದು ಆಗಲೇ ಬಿಚ್ಚಿ, ತಟ್ಟೆಯಲ್ಲಿ ಇಪ್ಪತ್ತು ಚೂರು ಮಾಡಿಟ್ಟಿದ್ದ. ಕ್ಯಾಮೆರಾದೊಳಗಿನ ಗಡಿಯಾರ ಕೊಂಡ ದಿನದಿಂದ ಹನ್ನೆರಡರಲ್ಲೇ ಇತ್ತು.

ಟಿಕ್ಕು ನಿಂತ ಮೇಲೆ ಕಿವಿಯೊಳಗೆ 'ಗೊಂಯ್' ಅನ್ನುವುದು ಕೇಳಿಸಿತು. ಇಷ್ಟು ಹೊತ್ತಿಗೆ ಎದುರುಮನೆಯ ಮೀಟರ್ ಮಾವ ಬಂದು ನಿಂತಿದ್ದರು. ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ ಮನೆಮನೆಯ ಮೀಟರ್ ಓದಿ ನಿವೃತ್ತರಾದವರು. ಕರೆಂಟಿಗೆ ಸಂಬಂಧಿಸಿದ ಯಾವ ವಿಷಯದಲ್ಲೂ ಅವರನ್ನು ಯಾರೂ ಕರೆಯಬೇಕಾಗಿರಲಿಲ್ಲ.

"ಅರ್ಥಿಂಗ್ ಸರಿ ಇಲ್ಲ ಕಣಯ್ಯ," ಎಂದರು ಮಾವ. ಎಂದವರೇ ಹೊರಗೆ ಹೋಗಿ ಯಾವುದೋ ಸ್ವಿಚ್ ಎಳೆದರು. ಇಡೀ ಸಾಲಿನ ಕರೆಂಟ್ ಹೋಯಿತು. ಕೊನೆಯ ಅಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಬಟ್ಟೆ ಹೊದ್ದುಕೊಂಡೇ ಬೀದಿಗೆ ಬಂದು, ತನ್ನ ಉಳಿದ ಅರ್ಧಕ್ಕೆ ಯಾರು ಜವಾಬ್ದಾರಿ ಎಂದು ವಿಚಾರಿಸಿದ.

"ನೋಡಿದ್ಯಾ, ಗೊಂಯ್ ನಿಂತಿತು," ಎಂದರು ಮಾವ.

"ನಿಲ್ಲದೆ ಏನು ಮಾವ, ರೆಕಾರ್ಡರೂ ನಿಂತಿದೆ."

ಕರೆಂಟ್ ಮರಳಿದ ಮೇಲೆ ಚೆಕ್ಕಣ್ಣ ರೆಕಾರ್ಡರಿನ ವೈರು ಹಿಡಿದುಕೊಂಡು ಮೊಣಕಾಲೂರಿ ಹುಡುಕುತ್ತ ಹೋದ. ವೈರು ಗೋಡೆಯ ಕಿಂಡಿಯಿಂದ ಪಕ್ಕದ ಟೈಲರಕ್ಕನ ಅಂಗಡಿಗೆ ತಲುಪಿತು. ಅವನ ಚಾರ್ಜರೂ ಅವಳ ಹೊಲಿಗೆ ಯಂತ್ರದ ಮೋಟಾರೂ ಒಂದೇ ಬೋರ್ಡಿನಲ್ಲಿ ಸಂಸಾರ ಮಾಡುತ್ತಿದ್ದವು. ಚಾರ್ಜರ್ ಕಿತ್ತು, ರೆಕಾರ್ಡರಿಗೆ ಬ್ಯಾಟರಿ ಹಾಕಿದ. ಗೊಂಯ್ ಹೋಯಿತು.

"ಅರ್ಥಿಂಗೇ," ಎಂದರು ಮಾವ.

ಆಮೇಲೆ 'ಟಿಟ್ಟಿರಿ ಟಿಟ್ಟಿರಿ' ಶುರುವಾಯಿತು. ಅದು ಮೊಬೈಲಿನ ಕಾಟ ಎಂದು ಚೆಕ್ಕಣ್ಣನಿಗೆ ಗೊತ್ತಿತ್ತು. ಎಲ್ಲರ ಫೋನನ್ನೂ, ತನ್ನದನ್ನೂ, ಆಫ್ ಮಾಡಿಸಿ ಟೈಲರಕ್ಕನ ಗುಂಡಿ ಡಬ್ಬಿಯಲ್ಲಿ ಹಾಕಿಸಿದ.

"ನನ್ನ ಗಿರಾಕಿ ಫೋನ್ ಮಾಡಿದ್ರೆ?" ಎಂದಳು ಟೈಲರಕ್ಕ.

"ಬ್ಲೌಸ್ ಎಲ್ಲಿ ಅಂತ ತಾನೆ ಕೇಳ್ತಾರೆ. ಫೋನ್ ಆಫಿದ್ರೆ ನಿನಗೇ ಒಳ್ಳೇದಲ್ವಾ ಅಕ್ಕ?"

ಅವಳು ಯೋಚಿಸಿ, ಡಬ್ಬಿಯ ಮುಚ್ಚಳ ತಾನೇ ಬಿಗಿಮಾಡಿದಳು.

ಈಗ ಕಿವಿಯಲ್ಲಿ ಎಳ್ಳಷ್ಟೂ ಸದ್ದಿಲ್ಲ. ಆದರೆ ತಾತನ ಬಾಯಿಂದಲೂ ಮಾತಿಲ್ಲ. "ಏನೋ ಒಂಥರಾ ಆಗ್ತಿದೆಯಪ್ಪ. ಇಷ್ಟು ಸುಮ್ಮನಿದ್ರೆ, ಯಾರೋ ಕದ್ದು ಕೇಳ್ತಿರೋ ಹಾಗೆ ಅನಿಸುತ್ತೆ." ಅಂತೂ ಪುಸಲಾಯಿಸಿ, ನೀರು ಕುಡಿಸಿ, ತಾತ ಮೊದಲ ಸಲ ಗಡಿಯಾರ ಬಿಚ್ಚಿದ ಕತೆಗೆ ಬರುವಾಗ ಬಾಗಿಲ ಮೇಲಿನ ದೊಡ್ಡ ಗಡಿಯಾರ ಢಣ್ ಢಣ್ ಎಂದು ನಾಲ್ಕು ಹೊಡೆಯಿತು. ಚೆಕ್ಕಣ್ಣ ಹೆಡ್‌ಫೋನ್ ಕಿತ್ತು ಕಿವಿ ಹಿಡಿದುಕೊಂಡು ಕುಳಿತ.

"ತಾಳು, ನಾನು ನೋಡ್ತೀನಿ," ಎಂದು ಮಾವ ಟೈಲರಕ್ಕನಿಂದ ಬಟ್ಟೆ ತುಂಡೊಂದು ಈಸಿಕೊಂಡು ಸ್ಟೂಲು ಹತ್ತಿದರು. ಗಾಜಿನ ಬಾಗಿಲು ತೆರೆದು ಬಹಳ ಹೊತ್ತು ಏನೇನೋ ಮಾಡಿದರು. ಇಳಿದಾಗ ಗಡಿಯಾರದ ಕೆಳಭಾಗದಲ್ಲಿ ಹೂವಿನ ಬಟ್ಟೆ ನೇತಾಡುತ್ತಿತ್ತು. "ಇನ್ನು ಅದು ಉಸಿರೆತ್ತಲ್ಲ. ನೀನು ನಡೆಸು."

ನಿಜವಾಗಿಯೂ ಉಸಿರೆತ್ತಲಿಲ್ಲ. ತಾತ ಹೇಳುತ್ತ ಹೋದ, ಚೆಕ್ಕಣ್ಣ ಕಣ್ಣು ಮುಚ್ಚಿ ಕೇಳುತ್ತ ಹೋದ. ಕೊನೆಗೆ ತಾತ ಕೈಗಡಿಯಾರದ ಚೂರುಗಳನ್ನೆಲ್ಲ ಜೋಡಿಸಿ ಮುಚ್ಚಳ ಒತ್ತಿದ. "ರಾತ್ರಿ ಇಲ್ಲೇ ಇರಲಿ, ಸರಿ ನಡೆಯುತ್ತಾ ನೋಡಿ ಕೊಡ್ತೀನಿ," ಎಂದ. ಮುಗಿಯಿತು. ಹೆದರುತ್ತಲೇ ಚೆಕ್ಕಣ್ಣ ಬಾಗಿಲ ಮೇಲೆ ನೋಡಿದ.

ನಾಲ್ಕು ಇಪ್ಪತ್ತು.

ಬೆನ್ನ ಮೇಲಿಂದ ಸಿಮೆಂಟು ಮೂಟೆ ಇಳಿಸಿದಂತಾಯಿತು. ಇಷ್ಟು ಬೇಗವೇ ಎಂದು ಆಶ್ಚರ್ಯವೂ ಆಯಿತು. ಆತಂಕದಲ್ಲಿ ಹತ್ತು ನಿಮಿಷ ಒಂದು ಗಂಟೆ ಅನಿಸುವುದು ಸಹಜ ಎಂದುಕೊಂಡ. ಬಾಡಿಗೆ ಅಂಗಡಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಅವಸರವೇ ಇಲ್ಲ. ಮಗಳು ಅಂಗಡಿಯಲ್ಲಿ ಬಿಟ್ಟುಹೋಗಿದ್ದ ಲ್ಯಾಪ್‌ಟಾಪಿಗೆ ಎಲ್ಲವನ್ನೂ ಕಾಪಿ ಮಾಡಿಟ್ಟ. ವೈರುಗಳನ್ನು ಜಡೆ ಹೆಣೆದಂತೆ ಸುತ್ತಿದ. ಟೈಲರಕ್ಕ ತರಿಸಿದ ಟೀ ಕುಡಿದ, ಇನ್ನೊಂದು ಲೋಟವನ್ನೂ ಬೇಡ ಅನ್ನಲಿಲ್ಲ. ಹೊರಡುವಾಗ ಬೀದಿ ಮಬ್ಬಾಗಿತ್ತು.

"ಮಳೆ ಬರೋ ಹಾಗಿದೆ," ಎಂದಳು ಟೈಲರಕ್ಕ. ಮೈಕಿನ ಪೆಟ್ಟಿಗೆಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಗುಂಡಿ ಡಬ್ಬಿಯಿಂದ ಫೋನ್ ತೆಗೆದು ಜೇಬಿಗೆ ಹಾಕಿ, ಚೆಕ್ಕಣ್ಣ ಬಸ್ಸು ಹತ್ತಿದ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಎರಡು ಸಾವಿರದ ಇನ್ನೂರೈವತ್ತನ್ನು ನೆನೆಯುತ್ತ ಒಂದು ಸಣ್ಣ ನಿದ್ದೆಯನ್ನೂ ಮಾಡಿದ.

ಬಾಡಿಗೆ ಅಂಗಡಿಯ ಶಟರು ಎಳೆದಿತ್ತು. ಬೀಗದ ಗಾತ್ರ ತೆಂಗಿನಕಾಯಿಯಷ್ಟು. ಫೋನ್ ಆನ್ ಮಾಡಿದ. ಆರು ಇಪ್ಪತ್ತೈದು.

ಫೋನು ಕೆಟ್ಟಿರಬೇಕೆಂದು ದಾರಿಯಲ್ಲಿ ಹೋಗುವ ಇಬ್ಬರನ್ನು ಕೇಳಿದ. ಇಬ್ಬರ ಫೋನೂ ಅದೇ ರೀತಿ ಕೆಟ್ಟಿತ್ತು. ಬಾಡಿಗೆಯವನಿಗೆ ಕರೆ ಮಾಡಿದ. "ನಾಳೆದೂ ಸೇರಿತು," ಎಂದು ಅವನು ಫೋನಿಟ್ಟ. ಆಮೇಲೆ ಮೀಟರ್ ಮಾವನಿಗೆ ಮಾಡಿದ.

"ಮಾವ, ಆ ದೊಡ್ಡ ಗಡಿಯಾರಕ್ಕೆ ಏನು ಮಾಡಿದ್ರಿ?"

"ಬಾಯಿಗೆ ಬಟ್ಟೆ ಕಟ್ಟಿದ್ದು ಸಾಲದು ಅಂತ ಲೋಲಕಾನೂ ಹಿಡಿದು ನಿಲ್ಲಿಸಿದೆ ಕಣಯ್ಯ. ಹೊಗಳಿಕೆಯೆಲ್ಲ ಬೇಡ. ತಾತನಿಗೆ ಈಗಷ್ಟೇ ಗೊತ್ತಾಯ್ತು, ನನ್ನ ಹತ್ರ ಮಾತು ಬಿಟ್ಟಿದಾನೆ. ತಗೋ, ಅವನ ಮಗಳು ನಿನ್ನ ಹತ್ರ ಏನೋ ಹೇಳಬೇಕಂತೆ."

ಮಗಳು ಬಂದು ನೋಡಿ ಆಗಿತ್ತು. "ಧ್ವನಿ ಬಹಳ ಚೆನ್ನಾಗಿದೆ. ಅಪ್ಪ ಉಗುಳು ನುಂಗೋದೂ ಕೇಳಿಸುತ್ತೆ," ಎಂದಳು.

"ಸಂತೋಷ ಮೇಡಂ."

"ಆದ್ರೆ ಟಿಕ್ ಟಿಕ್ ಎಲ್ಲಿ? ನಾನು ಮಗುವಾಗಿದ್ದಾಗ ಆ ಸದ್ದು ಕೇಳ್ತಾ ಆ ಬೆಂಚಿನ ಮೇಲೇ ಮಲಗ್ತಿದ್ದೆ. ಅಂಗಡಿ ಹೇಗಿದೆಯೋ ಹಾಗೇ ಬರಬೇಕು ಅಂದಿದ್ದು ಅದಕ್ಕೇ. ಇದ್ರಲ್ಲಿ ಅಪ್ಪ ಆಸ್ಪತ್ರೇಲಿ ಕೂತ ಹಾಗಿದ್ದಾರೆ. ಈಗ ಎಲ್ಲ ಗಡಿಯಾರಾನೂ ಮತ್ತೆ ನಡೆಸ್ತಿದ್ದಾರೆ. ನಾಳೆ ಬಂದು ಇನ್ನೊಮ್ಮೆ ತೆಗೀರಿ. ಇಲ್ಲದಿದ್ರೆ ನಾನು ದುಡ್ಡು ಹೇಗೆ ಕೊಡ್ಲಿ?"

ಚೆಕ್ಕಣ್ಣನ ಕಣ್ಣ ಮುಂದೆ ಹದಿನೇಳು ಬಗೆಯ ಬಿಳಿ ಬಣ್ಣ ಸಾಲಾಗಿ ನಿಂತವು. ನಾಳೆ ಅಂದರೆ ಮತ್ತೆ ಮೈಕು, ಮತ್ತೆ ಒಂದೂವರೆ ಸಾವಿರ. ಆಗ ಕಂಕುಳಲ್ಲಿ ಏನೋ ಚುಚ್ಚಿತು. ನೋಡಿದರೆ ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆ. ಮೈಕು ಅವನ ಹತ್ತಿರವೇ ಇತ್ತು. ನಾಳೆಯ ಬಾಡಿಗೆ ಆಗಲೇ ತಲೆಗೆ ಬಿದ್ದಾಗಿತ್ತು. ಬೇಗ ಬಂದು ವಾಪಸು ಕೊಟ್ಟಿದ್ದರೂ ನಾಳೆ ಅದನ್ನೇ ಇನ್ನೊಮ್ಮೆ ಬಾಡಿಗೆಗೆ ತರಬೇಕಿತ್ತು.

ಮುಚ್ಚಿದ ಶಟರಿನ ಮೆಟ್ಟಿಲ ಮೇಲೆ ಕುಳಿತು, ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು, ಅವನು ಹೊಟ್ಟೆ ಹಿಡಿದು ನಕ್ಕ.

ಮರುದಿನ ನಲವತ್ತೊಂದೂ ಗಡಿಯಾರ ಬಡಿದುಕೊಳ್ಳುತ್ತಿರಲು ತಾತ ನಿಲ್ಲದೆ ಮಾತಾಡಿದ. ಚೆಕ್ಕಣ್ಣ ಮೈಕನ್ನು ಅವನ ಗಲ್ಲದ ಹತ್ತಿರಕ್ಕೆ ಏರಿಸಿದ್ದ, ಅಷ್ಟೇ. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಆಫೀಸಿಗೆ ರಜೆ ಹಾಕಿ ಬೆಂಚಿನ ಮೇಲೆ ಕುಳಿತಿದ್ದ ಮಗಳು ನಾಲ್ಕು ಸಾವಿರ ಎಣಿಸಿ ಕೊಟ್ಟಳು. ತಾತ ಅವನ ಕೈಗಡಿಯಾರ ಮುಂದಿಟ್ಟು, "ಎಣ್ಣೆ ಹಾಕಿ, ಸ್ಪ್ರಿಂಗ್ ಬದಲಿಸಿದೀನಿ. ಐನೂರು ಕೊಡು," ಎಂದ.

"ಅದು ವಿಡಿಯೋಗೆ ಅಂತ ಬಿಚ್ಚಿದ್ದಲ್ವಾ ತಾತ?"

"ಬಿಚ್ಚಿದ್ದು ವಿಡಿಯೋಗೆ. ರಿಪೇರಿ ಮಾಡಿದ್ದು ನಿನಗೆ."

ಆರಕ್ಕೆ ಮೊದಲೇ ಮೈಕು ವಾಪಸು ಕೊಟ್ಟು ಬಂದವನನ್ನು ಸಂಜೆ ಹೆಂಡತಿ ಬಾಗಿಲಲ್ಲೇ ಕೇಳಿದಳು, "ನಷ್ಟ ಎಷ್ಟು?"

"ಇಲ್ಲ."

"ಲಾಭ?"

"ನೀನು ಕೇಳಿರಲಿಲ್ಲವಲ್ಲ."

ಅವಳು ನಗು ತಡೆದುಕೊಂಡು, ಅಣ್ಣನಿಗೆ ಈ ತಿಂಗಳು ಬೇಡ ಎಂದು ಫೋನ್ ಮಾಡಲು ಒಳಗೆ ಹೋದಳು.

ಬಂದದ್ದು ನಾಲ್ಕು ಸಾವಿರ. ಎರಡು ದಿನದ ಬಾಡಿಗೆ ಮೂರು ಸಾವಿರ, ಬಸ್ಸು, ಊಟ, ಟೀ ಎರಡು ದಿನಕ್ಕೆ ಐನೂರು, ತಾತನಿಗೆ ಐನೂರು. ಕೈಯಲ್ಲಿ ಉಳಿದದ್ದು ಏನೂ ಇಲ್ಲ. ಕೈಯಿಂದ ಹೋದದ್ದೂ ಇಲ್ಲ. ಗಡಿಯಾರ ಮಾತ್ರ ಸರಿಯಾದ ಹೊತ್ತು ತೋರಿಸುತ್ತಿತ್ತು.