ಜೋಡಿ ಕೂಡದ ಪಾದಗಳ ವಿಷಯವಾಗಿ ಸ್ಕ್ಯಾನಿಂಗ್ ಯಂತ್ರದವರಿಗೆ

ಮಾನ್ಯ ಸ್ಕ್ಯಾನಿಂಗ್ ಯಂತ್ರದವರೇ,

ಕತ್ತಲು ಕೋಣೆಯಲ್ಲಿ ಪರದೆಯ ಹಿಂದೆ ಸದಾ ಎಚ್ಚರವಾಗಿರುವ ತಮಗೂ, ತಮ್ಮ ನಾಲ್ಕು ಗಾಲಿಗಳಿಗೂ, ಹೊಟ್ಟೆಯ ಮೇಲೆ ತಾವು ಹಚ್ಚಿಸುವ ಆ ತಣ್ಣನೆಯ ಲೋಳೆಗೂ ಮೊದಲಿಗೆ ನಮಸ್ಕಾರಗಳು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತವೂ ಅಲ್ಲಲ್ಲಿ ಕಾಲು ಜಾರಿರುತ್ತದೆ. ನಾಲ್ಕನೇ ತರಗತಿಯ ಆಚೆಗೆ ನಾನು ಹೋದವಳಲ್ಲ, ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಬೂದು ಮಂಜಿನೊಳಗೆ ಹೆಬ್ಬೆರಳಿನಷ್ಟು ಪಾದವನ್ನು ಹುಡುಕಿ ತೆಗೆಯುವ ತಮಗೆ ನನ್ನ ಅಕ್ಷರ ಕಷ್ಟವಾಗಲಾರದು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಲಕೋಟೆಗೆ ಹಾಕದೆ ಬಹಿರಂಗವಾಗಿ ಬರೆಯಲು ಕಾರಣ ಇಷ್ಟೇ: ಮುಚ್ಚಿಟ್ಟದ್ದನ್ನೆಲ್ಲ ಹೊರಗೇ ನಿಂತು ಓದುವವರಿಗೆ ಲಕೋಟೆ ಯಾಕೆ ದಂಡ ಮಾಡುವುದು.

ನಾನು ಯಾರೆಂದು ತಮಗೆ ಹೊರಗಿನಿಂದ ಗೊತ್ತಿರಲಿಕ್ಕಿಲ್ಲ, ಒಳಗಿನಿಂದ ಗೊತ್ತು. ಕಾಲುಚೀಲದ ಕಾರ್ಖಾನೆಯಲ್ಲಿ ತಗಡಿನ ಪಾದಗಳಿಗೆ ಕಾಲುಚೀಲ ತೊಡಿಸಿ, ಹಬೆ ಕೊಟ್ಟು, ಬಿಚ್ಚಿ ಪಕ್ಕದ ಮೇಜಿಗೆ ಹಾಕುವುದು ನನ್ನ ಕೆಲಸ. ಆ ಮೇಜಿನಲ್ಲಿ ಕೂರುವವಳನ್ನು ನಾವೆಲ್ಲ ಜೋಡಿ ಅಕ್ಕ ಎನ್ನುತ್ತೇವೆ. ಎರಡೆರಡು ಕಾಲುಚೀಲ ಪಕ್ಕಪಕ್ಕ ಇಟ್ಟು ನೋಡಿ, ಕೂಡಿದರೆ "ಪಾಸ್" ಎಂದು ಚೀಟಿ ಅಂಟಿಸುತ್ತಾಳೆ. ಕೂಡದಿದ್ದರೆ "ಸೆಕೆಂಡ್ಸ್" ಎಂದು ತಲೆ ತಿರುಗಿಸದೆ ಬೆನ್ನ ಹಿಂದಿನ ಕಳಪೆ ಮಾಲಿನ ಬುಟ್ಟಿಗೆ ಎಸೆಯುತ್ತಾಳೆ. ಅವಳ ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ.

ಐದನೇ ತಿಂಗಳಲ್ಲಿ ತಮ್ಮ ಸನ್ನಿಧಿಗೆ ಬಂದಾಗ ತಾವು ನನ್ನ ಮಗುವಿನ ಬಲಗಾಲನ್ನು ನೋಡಿ ಸುಮ್ಮನಿದ್ದಿರಿ, ಎಡಗಾಲನ್ನು ನೋಡಿ ನಿಂತುಬಿಟ್ಟಿರಿ. ಡಾಕ್ಟರಮ್ಮನವರು ತಮ್ಮ ಪರದೆಯ ಮೇಲೆ ಬೆರಳಿಟ್ಟು, ಮೊಣಕಾಲಿನ ಕೆಳಗಿನ ಎಲುಬುಗಳೂ ಅಂಗಾಲೂ ಒಂದೇ ಚಿತ್ರದಲ್ಲಿ ಕಾಣಬಾರದು, ಕಂಡರೆ ಪಾದ ಒಳಕ್ಕೆ ತಿರುಗಿದೆ ಎಂದರ್ಥ ಎಂದು ನಿಧಾನವಾಗಿ ತಿಳಿಸಿದರು. ಪಾದ ಒಂದೇ ಆದರೆ ಹುಟ್ಟಿದ ಮೇಲೆ ವಾರವಾರ ಪ್ಲಾಸ್ಟರ್ ಹಾಕಿ ನೆಟ್ಟಗೆ ಮಾಡುತ್ತಾರಂತೆ. ಮೊಣಕಾಲು, ಸೊಂಟ, ಮೊಣಕೈ, ಬೆರಳು ಎಲ್ಲ ಕೀಲುಗಳೂ ಬಿಗಿದುಕೊಂಡಿದ್ದರೆ ಅದು ಬೇರೆಯೇ ಮಾತಂತೆ. ಯಾವುದೆಂದು ತಿಳಿಯಲು ಮಗು ಕೈಕಾಲು ಆಡಿಸಬೇಕು. ಮಗು ನಿದ್ದೆ ಮಾಡುತ್ತಿತ್ತು. "ಒಳ್ಳೆ ಸಮಯಕ್ಕೆ ಮಲಗಿದೆ ನೋಡಿ ಕಳ್ಳಮರಿ, ಹೊರಗೆ ಸ್ವಲ್ಪ ಓಡಾಡಿ ಬನ್ನಿ" ಎಂದರು. ಓಡಾಡಿ ಬಂದೆ, ತಣ್ಣೀರು ಕುಡಿದು ಬಂದೆ, ಎಡಮಗ್ಗುಲಾದೆ, ಬಲಮಗ್ಗುಲಾದೆ. ಮಗು ಮೊಣಕಾಲು ಮಡಚಿ, ಮುಷ್ಟಿ ಬಿಗಿದು, ಅಲುಗಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹುಟ್ಟುವ ಮೊದಲೇ ಪಾಲಿಸುತ್ತಿದ್ದ ಮಗುವಿನ ಮೇಲೆ ತಾವು "ಚಲನೆ ಕಂಡುಬಂದಿಲ್ಲ" ಎಂದು ಬರೆದುಕೊಟ್ಟು, ಮೂರು ವಾರ ಬಿಟ್ಟು ಬರಲು ಹೇಳಿದಿರಿ.

ತಮ್ಮ ಪ್ರಾಮಾಣಿಕತೆಯನ್ನು ಎಷ್ಟು ಹೊಗಳಿದರೂ ಸಾಲದು. ಕಂಡದ್ದನ್ನು ಕಂಡಿತು ಎಂದಿರಿ, ಕಾಣದ್ದನ್ನು ಕಾಣಲಿಲ್ಲ ಎಂದಿರಿ. ಮನುಷ್ಯರಿಗೆ ಈ ಗುಣ ಬರಬೇಕಾದರೆ ಇನ್ನೂ ಎಷ್ಟು ಜನ್ಮ ಬೇಕೋ. ಆದರೆ ತಾವು ಆ ಮೂರು ವಾರವನ್ನು ಬಟ್ಟೆ ಹೊದ್ದು ಮೂಲೆಯಲ್ಲಿ ಕಳೆದಿರಿ, ನಾನು ನೆಂಟರ ನಡುವೆ ಕಳೆದೆ.

ನಮ್ಮ ಅತ್ತೆಯವರು ತಾವು ಕೊಟ್ಟ ಚಿತ್ರವನ್ನು ತಲೆಕೆಳಗಾಗಿ ಹಿಡಿದು, ಮೂಗು ಥೇಟ್ ನಮ್ಮ ಕಡೆಯದೇ ಎಂದು ಸಂತೋಷಪಟ್ಟರು. ಅದು ಮೂಗಲ್ಲ, ಹಿಮ್ಮಡಿ ಎಂದು ತಿಳಿದ ಮೇಲೆ, "ನಮ್ಮ ವಂಶದಲ್ಲಿ ಎಲ್ಲರ ಕಾಲೂ ನೆಟ್ಟಗಿದೆಯಮ್ಮ" ಎಂದರು. ಮೂಲೆಯಲ್ಲಿ ಕೂತಿದ್ದ ಮಾವನವರು, "ಸಂಜೆ ಹೊತ್ತು ನನ್ನದೊಂದು ಬಿಟ್ಟು" ಎಂದರು. ಅವರು ದಿನಾ ಸಾರಾಯಿ ಅಂಗಡಿ ಮುಚ್ಚಿದ ಮೇಲೆ ಯಾವ ದಾರಿಯಲ್ಲಿ ಮನೆಗೆ ಬರುತ್ತಾರೆಂದು ಬೀದಿಗೆಲ್ಲ ಗೊತ್ತು. ಚಿಕ್ಕತ್ತೆ ಬಂದು, ಇದೆಲ್ಲ ಒಬ್ಬೊಬ್ಬರ ಕಾಲ್ಗುಣ ಎಂದು ಗೋಡೆಗೆ ಹೇಳಿದರು. ಗೋಡೆ ನನ್ನ ಹಿಂದೆಯೇ ಇತ್ತು. ನನಗೆ ಮೊದಲಿನಿಂದಲೂ ಬಾಯಿ ಕಡಿಮೆ. ಹೀಗಿರುವಾಗ ತಟ್ಟೆ ತೊಳೆಯುವುದೇ ಉತ್ತರ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ. ನಮ್ಮ ಮನೆಯವರು ಮಾತ್ರ ಒಂದು ದಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವ ಕೋಣೆ ಎಲ್ಲಿದೆ ಎಂದು ಹುಡುಕಿಕೊಂಡು ಹೋಗಿ ಬಾಗಿಲಲ್ಲಿ ನಿಂತು ನೋಡಿ ಬಂದರು. "ಒಂದು ಮಗು ಪ್ಲಾಸ್ಟರ್ ಕಾಲಲ್ಲೇ ಮೇಜು ಗುದ್ದುತ್ತಿತ್ತು ಕಣೇ. ಏನು ಸದ್ದು ಅಂತೀಯ" ಎಂದರು. ಅಷ್ಟೇ ಹೇಳಿ ಬೂಟು ಬಿಚ್ಚಿದರು.

ಇನ್ನು ನನ್ನ ಮುಖ್ಯ ದೂರು. ತಾವು ಕೊಟ್ಟ ಚಿತ್ರವನ್ನು ನಾನು ಕೆಲಸಕ್ಕೆ ಒಯ್ದಿದ್ದೆ. ಹಬೆ ತಾಗದಿರಲೆಂದು ಪಕ್ಕದ ಮೇಜಿನ ಅಂಚಿನಲ್ಲಿ ಇಟ್ಟಿದ್ದೆ, ಕಾಲುಚೀಲ ಹಾಕುವ ಭರದಲ್ಲಿ ಅದು ರಾಶಿಯ ಜೊತೆ ಜೋಡಿ ಅಕ್ಕನ ಮುಂದಕ್ಕೆ ಸರಿದಿತ್ತು. ಎರಡು ಪಾದ ಪಕ್ಕಪಕ್ಕ. ಒಂದು ನೆಟ್ಟಗೆ, ಒಂದು ಒಳಕ್ಕೆ. ಅವಳು ನೋಡಿದಳು, "ಜೋಡಿ ಕೂಡಲ್ಲ, ಸೆಕೆಂಡ್ಸ್" ಎಂದಳು, ಕೈ ತನ್ನಷ್ಟಕ್ಕೆ ಬೆನ್ನ ಹಿಂದೆ ಎಸೆಯಿತು. ಆಮೇಲೆ, ಈ ಕಾಲುಚೀಲ ಇಷ್ಟು ತೆಳ್ಳಗೆ ಯಾಕಿತ್ತು ಎಂದು ಅವಳಿಗೆ ಅನ್ನಿಸಿರಬೇಕು. ತಿರುಗಿ ನೋಡಿದಳು, ನನ್ನನ್ನೂ ನೋಡಿದಳು. ಬುಟ್ಟಿಗೆ ಕೈ ಹಾಕಿ, ಚಿತ್ರ ತೆಗೆದು, ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು. ಆ ದಿನ ಪೂರ್ತಿ ಅವಳು ಯಾವುದನ್ನೂ ಸೆಕೆಂಡ್ಸ್ ಎನ್ನಲಿಲ್ಲವಾದ್ದರಿಂದ ಎಂತೆಂಥ ಜೋಡಿಗಳು ಅಂಗಡಿಗೆ ಹೋದವೋ ದೇವರೇ ಬಲ್ಲ. ಅವಳ ಮೇಲೆ ನನಗೆ ಕೋಪವಿಲ್ಲ. ಅವಳಿಗೆ ಆ ಕೆಲಸ ಕಲಿಸಿದ್ದು ಕಾರ್ಖಾನೆ. ತಮಗೆ ಕಲಿಸಿದ್ದು ಯಾರು ಎಂದು ಕೇಳಬೇಕೆನಿಸಿತು, ಅಷ್ಟೇ.

ನಿನ್ನೆ ಮತ್ತೆ ತಮ್ಮ ಮುಂದೆ ಮಲಗಿದೆ. ಡಾಕ್ಟರಮ್ಮನವರು ತಮ್ಮ ಹಿಡಿಯನ್ನು ನನ್ನ ಹೊಟ್ಟೆಯ ಮೇಲೆ ಅತ್ತಿತ್ತ ಸರಿಸಿದರು. ನಾನು ಛಾವಣಿಯ ಮೇಲಿನ ಒದ್ದೆ ಕಲೆಯನ್ನು ನೋಡುತ್ತ, ಅದು ಯಾವ ಪ್ರಾಣಿಯ ಹಾಗಿದೆ ಎಂದು ತೀರ್ಮಾನಿಸಲು ಪ್ರಯತ್ನಿಸುತ್ತಿದ್ದೆ. ಆಗ ಅವರು, "ನೋಡಿ ನೋಡಿ, ಒದೀತು" ಎಂದರು. ಮೊಣಕಾಲು ಬಿಚ್ಚಿಕೊಂಡಿತು, ಮತ್ತೆ ಮಡಚಿತು. ಮೊಣಕೈ ಬಾಗಿತು. ಮುಷ್ಟಿ ತೆರೆದು ಬೆರಳುಗಳು ಒಂದೊಂದಾಗಿ, ಬೇಕೋ ಬೇಡವೋ ಎಂಬ ಹಾಗೆ ಹೊರಬಂದವು. ಎಡಪಾದ ಮಾತ್ರ ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಇತ್ತು. ಪಾದ ಒಂದೇ. ನಾನು ಅಳಲಿಲ್ಲ, ಲೋಳೆ ಕಣ್ಣಿಗೆ ತಾಗಿತ್ತು.

ಮನೆಗೆ ಬಂದು ತಮ್ಮ ವರದಿಯನ್ನು ಅಕ್ಷರ ಕೂಡಿಸಿಕೊಂಡು ಕೂಡಿಸಿಕೊಂಡು ಓದಿದೆ. ಸೊಂಟ, ಮೊಣಕಾಲು, ಮೊಣಕೈ, ಮಣಿಕಟ್ಟು, ಬೆರಳು ಇಷ್ಟಕ್ಕೂ ಸೇರಿ "ಸಹಜ" ಎಂಬ ಒಂದು ಪದ. ಎಡಪಾದಕ್ಕೆ ಅರ್ಧ ಪುಟ. ಮೂರು ವಾರ ನನ್ನನ್ನು ನಿದ್ದೆಗೆಡಿಸಿದ ಮೊಣಕಾಲಿಗೆ ಒಂದು ಸಾಲಾದರೂ ಬೇಡವೇ? "ಮೊಣಕಾಲು ಚೆನ್ನಾಗಿ ಒದೆಯುತ್ತದೆ, ಮುಂದೆ ಮನೆಯವರು ಜೋಪಾನ" ಎಂದು ಬರೆದಿದ್ದರೆ ತಮ್ಮ ಶಾಯಿಗೇನು ಬರಗಾಲ ಬರುತ್ತಿತ್ತು?

ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳಿವೆ, ತಮ್ಮಂಥವರಿಗೆ ಇವು ದೊಡ್ಡವಲ್ಲ. ತಾವು ಬಿಡುವಾಗಿದ್ದಾಗ ನಮ್ಮ ಮನೆಗೆ ಗಾಲಿಯ ಮೇಲೆ ದಯಮಾಡಿಸಿ, ಚಿಕ್ಕತ್ತೆಯವರ ನಾಲಿಗೆಯ ಕೀಲನ್ನು ಪರೀಕ್ಷಿಸಿ, ಅದು ಎರಡೂ ಕಡೆ ತಿರುಗುವುದು ಸಹಜವೋ ಎಂದು ಬರೆದುಕೊಡಬೇಕು. ನನ್ನ ಕಾಲ್ಗುಣವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದುಕೊಡಬೇಕು. ಅದು ಪರದೆಯಲ್ಲಿ ಕಾಣದಿದ್ದರೆ "ಕಂಡುಬಂದಿಲ್ಲ" ಎಂದು ಎಂದಿನ ಹಾಗೆ ಸಹಿ ಹಾಕಿಸಿದರೆ ಸಾಕು, ಅಡುಗೆಮನೆಯ ಗೋಡೆಗೆ ಅಂಟಿಸುತ್ತೇನೆ. ಮತ್ತು ತಮ್ಮ ಕಣ್ಣು ಅಷ್ಟು ದೂರ ಹೋಗುವುದಾದರೆ, ಈ ಮಗು ಶಾಲೆಗೆ ಓಡುವಾಗ ಬಾಗಿಲು ಹಾಕುವ ಮೊದಲು ಮುಟ್ಟುತ್ತದೋ ಇಲ್ಲವೋ ನೋಡಿ ಹೇಳಬೇಕು. ನನಗೆ ಯಾವಾಗಲೂ ತಡವಾಗುತ್ತಿತ್ತು, ನನ್ನ ಎರಡು ಪಾದಗಳೂ ನೆಟ್ಟಗಿದ್ದವು.

ತಾವು ಮೊದಲೇ ಹೇಳಿದ್ದರಿಂದ ಪ್ಲಾಸ್ಟರ್ ಕೋಣೆಯ ಬಾಗಿಲು ನಮಗೆ ಗೊತ್ತಾಯಿತು. ಈ ಒಂದು ಉಪಕಾರವನ್ನು ನಾನು ಅಣಕವಿಲ್ಲದೆ ಒಪ್ಪಿಕೊಳ್ಳುತ್ತೇನೆ. ಇದು ನಿಜವೋ ಅಲ್ಲವೋ ಎಂದು ತಾವು ನನ್ನ ಒಳಗಿನಿಂದಲೂ ನೋಡಿಕೊಳ್ಳಬಹುದು.

ಮಗ್ಗುಲು ಬದಲಿಸಲು ಸದಾ ಸಿದ್ಧಳಾಗಿರುವ,
ತಮ್ಮ ವಿಶ್ವಾಸಿ,
ಕಾಲುಚೀಲಕ್ಕೆ ಹಬೆ ಕೊಡುವವಳು

ಮರೆತ ಮಾತು: ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋದವಳೇ ಸೆಕೆಂಡ್ಸ್ ಬುಟ್ಟಿಯಿಂದ ಎಳೆಮಗುವಿನ ಅಳತೆಯ ಎರಡು ಕಾಲುಚೀಲ ಹುಡುಕಿ ತೆಗೆದೆ, ಒಂದು ನೆಟ್ಟಗಿರುವುದು, ಒಂದು ಬೆರಳ ಕಡೆ ತಿರುಚಿಕೊಂಡದ್ದು. ಎರಡಕ್ಕೂ ಹಬೆ ಕೊಟ್ಟು, ಪಕ್ಕಪಕ್ಕ ಜೋಡಿ ಅಕ್ಕನ ಮುಂದೆ ಇಟ್ಟೆ. ತಾವಾಗಿದ್ದರೆ ಮೂರು ವಾರ ಬಿಟ್ಟು ಬರಲು ಹೇಳುತ್ತಿದ್ದಿರಿ. ಅವಳು ಒಂದು ಸಲ ನೋಡಿ, "ಪಾಸ್" ಎಂದು ಚೀಟಿ ಅಂಟಿಸಿದಳು.